ಸಣ್ಣ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಸಭೆ ಸ್ಥಾಪಿಸುವುದು: ಅನುಭವ ಹಂಚಿಕೆ

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಕೆಲವು ಕುಟುಂಬಗಳು ವಾರಕ್ಕೊಮ್ಮೆ ಮನೆಯಲ್ಲೇ ಪ್ರಾರ್ಥನೆಗೆ ಸೇರುತ್ತಿವೆ. ಅವರನ್ನು ಬ್ಯಾಪ್ಟಿಸ್ಟ್ ಕ್ರಮದ ಸಭೆಯಾಗಿ ಕಟ್ಟುವ ಆಸೆ ನನಗಿದೆ. ನಗರದ ವಿಶ್ವಾಸಿಯೊಬ್ಬರು ಆಲಯ ಕಟ್ಟಲು ಹಣ ಕೊಡುವುದಾಗಿ ಹೇಳಿದ್ದಾರೆ. ಎಲ್ಲಿಂದ ಆರಂಭಿಸಬೇಕೆಂದು ಹಿರಿಯರು ದಯವಿಟ್ಟು ತಿಳಿಸಬೇಕು.

ನಿವೃತ್ತ ಸಭಾಪಾಲಕರ ಉತ್ತರ:

ಕರ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು. ಆಲಯದ ಮಾತನ್ನು ಸದ್ಯಕ್ಕೆ ಬದಿಗಿಡಿ ಎಂಬುದು ನನ್ನ ಸಲಹೆ. ನಮ್ಮ ಕ್ರಮದಲ್ಲಿ ಸಭೆಯ ಮೇಲೆ ಬಿಷಪ್ ಇಲ್ಲ; ಸಭಾಪಾಲಕರನ್ನು ಕರೆಯುವುದು, ದೀಕ್ಷಾಸ್ನಾನ (ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುವ ಸಂಸ್ಕಾರ) ಕೇಳಿದವರ ನಂಬಿಕೆಯ ಸಾಕ್ಷಿಯನ್ನು ಆಲಿಸಿ ಒಪ್ಪುವುದು, ಕಾಣಿಕೆಯ ಲೆಕ್ಕ ನೋಡುವುದು ಎಲ್ಲವೂ ಸದಸ್ಯರ ಕೂಟಕ್ಕೆ ಸೇರಿದ್ದು. ಹೀಗಿರುವಾಗ ಸದಸ್ಯರು ತೀರ್ಮಾನಿಸಲು ಕಲಿಯುವ ಮೊದಲೇ ನಗರದ ಹಣದಿಂದ ಗೋಡೆ ಎದ್ದರೆ, ಬೀಗದ ಕೈಯೂ ಕೊನೆಯ ಮಾತೂ ನಗರದಲ್ಲೇ ಉಳಿಯುತ್ತವೆ. ನಮ್ಮ ಭಾಗದಲ್ಲಿ ಬೀಗ ಬಿದ್ದ ಆಲಯಗಳನ್ನು ನಾನು ಕಂಡಿದ್ದೇನೆ.

ಹಳ್ಳಿಯಲ್ಲಿ ಕಷ್ಟವಿರುವುದೂ ಇಲ್ಲಿಯೇ. ದೊಡ್ಡ ಮನೆತನದ ಹಿರಿಯರು ಒಂದು ಮಾತು ಆಡಿದ ಮೇಲೆ ಸೊಸೆಯಂದಿರು, ಕೂಲಿಯವರು, ಯುವಕರು ಬಾಯಿ ತೆರೆಯುವುದಿಲ್ಲ. ಕೈ ಎತ್ತಿರೆಂದರೆ ಎಲ್ಲರ ಕಣ್ಣೂ ಆ ಹಿರಿಯರ ಕಡೆಗೇ ಹೋಗುತ್ತದೆ. ಆದ್ದರಿಂದ ಸಣ್ಣ ವಿಷಯಗಳಿಂದ ಆರಂಭಿಸಿ: ತಿಂಗಳ ಕಾಣಿಕೆಯನ್ನು ಎಲ್ಲರೆದುರು ಎಣಿಸಿ ಪುಸ್ತಕದಲ್ಲಿ ಬರೆಸಿ, ಕಾಯಿಲೆ ಬಿದ್ದವರಿಗೆ ಎಷ್ಟು ಕೊಡಬೇಕೆಂದು ಅವರೇ ನಿರ್ಧರಿಸಲಿ, ನೀವು ಕೊನೆಯಲ್ಲಿ ಮಾತಾಡಿ. ಸಭೆಯ ಒಡಂಬಡಿಕೆಯನ್ನು, ಅಂದರೆ ಸದಸ್ಯರು ಒಬ್ಬರಿಗೊಬ್ಬರು ಕೊಡುವ ಮಾತನ್ನು, ಓದುಬರಹ ಬಾರದವರಿಗೂ ಅರ್ಥವಾಗುವಂತೆ ಬರೆದು, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಗಟ್ಟಿಯಾಗಿ ಓದಿಸಿ.

ಆಂಧ್ರದ ಒಂಗೋಲಿನ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿ ಸುವಾರ್ತೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿದ್ದು ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಕ್ಲೌ ಅವರ ಬಂಗಲೆಯಿಂದಲ್ಲ; 1866ರಲ್ಲಿ ದೀಕ್ಷಾಸ್ನಾನ ಪಡೆದ ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಸಮುದಾಯದ ವಿಶ್ವಾಸಿ ತಮ್ಮ ಬಂಧುಬಳಗದ ನಡುವೆ ಓಡಾಡಿದ್ದರಿಂದ. 1876ರ ಬರಗಾಲದಲ್ಲಿ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು, ಆದರೆ ಪರಿಹಾರದ ಕೆಲಸ ನಡೆದಷ್ಟು ಕಾಲ ದೀಕ್ಷಾಸ್ನಾನವನ್ನು ತಡೆಹಿಡಿದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಆ ಸಂಖ್ಯೆಗಿಂತ ಅದಕ್ಕೆ ಮೊದಲು ಕ್ಲೌ ಕಾದದ್ದೇ ದೊಡ್ಡದಾಗಿ ತೋರುತ್ತದೆ. ಅಕ್ಕಿ, ಶಾಲಾ ಶುಲ್ಕ, ಆಸ್ಪತ್ರೆಯ ಖರ್ಚು ಯಾವುದನ್ನೇ ಕೊಟ್ಟರೂ ಅದು ಪ್ರಾರ್ಥನೆಗೆ ಬಾರದ ನೆರೆಯವರಿಗೂ ಸಿಗಲಿ, ದೀಕ್ಷಾಸ್ನಾನದ ಮಾತು ಅದರ ಹತ್ತಿರ ಸುಳಿಯದಿರಲಿ.

ಸಭಾಪಾಲಕರ ಪತ್ನಿಯೊಬ್ಬರ ಉತ್ತರ:

ಅಯ್ಯನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತದ ನಾಟಿ ಆರಂಭವಾದರೆ ಭಾನುವಾರ ಬೆಳಿಗ್ಗೆ ಹೆಂಗಸರು ಗದ್ದೆಯಲ್ಲಿರುತ್ತಾರೆ. ಆರಾಧನೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಇನ್ನೊಂದು ಮಾತು ಸಾವಿನದು. ಊರಲ್ಲಿ ಮೊದಲ ವಿಶ್ವಾಸಿ ತೀರಿಕೊಂಡಾಗ ಎಲ್ಲಿ ಹೂಳಬೇಕೆಂಬ ಜಗಳ ಎದ್ದರೆ ದುಃಖದ ಮನೆಯವರೇ ಅದನ್ನು ತಾಳಬೇಕಾಗುತ್ತದೆ. ಸಮಾಧಿಗೆ ಜಾಗ ಬೇಕೆಂದು ತಹಶೀಲ್ದಾರರಿಗೆ ಈಗಲೇ ಅರ್ಜಿ ಕೊಡಿ, ಊರ ಹಿರಿಯರೊಂದಿಗೂ ಮೊದಲೇ ಮಾತಾಡಿ.

ವಕೀಲರಾಗಿರುವ ಸಭಾ ಸದಸ್ಯರೊಬ್ಬರ ಉತ್ತರ:

ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡುವ ಮೊದಲು ಕಾನೂನು ತಿಳಿದುಕೊಳ್ಳಿ. ಮತಾಂತರವಾಗುವವರೂ ಅದನ್ನು ನಡೆಸಿಕೊಡುವವರೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ಕರ್ನಾಟಕದ 2022ರ ಕಾಯ್ದೆ ಹೇಳುತ್ತದೆ. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತಾದರೂ, ಸಂಪುಟದ ತೀರ್ಮಾನದಿಂದಲೇ ಕಾಯ್ದೆ ರದ್ದಾಗುವುದಿಲ್ಲ. ನೀವು ಹೆಜ್ಜೆಯಿಡುವ ದಿನದ ಸ್ಥಿತಿಯನ್ನು ಜಿಲ್ಲಾ ನ್ಯಾಯಾಲಯದ ವಕೀಲರಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಪರಿಶಿಷ್ಟ ಜಾತಿಯ ಕುಟುಂಬಗಳಿಗೆ ಮತ್ತೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಇದೆ, ಕ್ರೈಸ್ತರಿಗೆ ಇಲ್ಲ. ಮಕ್ಕಳ ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ ಎರಡಕ್ಕೂ ಇದು ತಾಗುತ್ತದೆ. ತಿಳಿದು ನಿರ್ಧರಿಸುವ ಹಕ್ಕು ಅವರದು. ಮರೆಮಾಚುವುದು ನಮ್ಮ ಸಾಕ್ಷಿಗೆ ತಕ್ಕದ್ದಲ್ಲ.

ಮದುವೆ ನಡೆಸಿಕೊಡಲು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಬ್ಯಾಪ್ಟಿಸ್ಟ್ ಸಭಾಪಾಲಕರಿಗೆ ಸರ್ಕಾರದ ಪರವಾನಗಿ ಬೇಕು. ಆಲಯದ ಕಾಲ ಬಂದಾಗ, ಕೃಷಿ ಭೂಮಿಯಾದರೆ ಭೂ ಪರಿವರ್ತನೆ ಮಾಡಿಸದೆ ಪಾಯ ತೋಡಬೇಡಿ. ದಾನಿಗಳ ಹಣ ವಿದೇಶದ ಮೂಲದ್ದಾದರೆ, ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಿಲ್ಲದ ಸಭೆ ಅದನ್ನು ಮುಟ್ಟುವಂತಿಲ್ಲ; ನೋಂದಣಿಯುಳ್ಳ ಬೇರೆ ಸಂಸ್ಥೆಯ ಮೂಲಕ ತರಿಸಿಕೊಳ್ಳುವ ದಾರಿಯನ್ನೂ 2020ರ ತಿದ್ದುಪಡಿ ಮುಚ್ಚಿದೆ. ಹಣ ಇಲ್ಲಿಯದೇ ಆಗಿದ್ದರೆ, ಜಾಗ ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂಬುದನ್ನು ದಾನಿಗಳಿಂದ ಬರೆಸಿಕೊಂಡು, ಹಣ ಪಡೆಯುವ ಮೊದಲೇ ಸದಸ್ಯರ ಕೂಟದಲ್ಲಿ ಓದಿ ಒಪ್ಪಿಗೆ ಪಡೆಯಿರಿ.