ನಾಲ್ಕೇ ಜ್ಯೋತಿರ್ವರ್ಷ ಅಂತೆ, ಹೋಗಿ ಇರಬಹುದಾ?

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಸರ್. ನೀವು ಉಪಗ್ರಹದ ಕೆಲಸದಲ್ಲಿದ್ದು ರಿಟೈರ್ ಆದವರು ಅಂತ ಗ್ರೂಪಿನಲ್ಲಿ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮಗ ಒಂಬತ್ತನೇ ಕ್ಲಾಸು. ಭೂಮಿಯಂಥ ಗ್ರಹ ನಾಲ್ಕೇ ಜ್ಯೋತಿರ್ವರ್ಷ ದೂರದಲ್ಲಿದೆ, ತಾನು ದೊಡ್ಡವನಾಗುವಷ್ಟರಲ್ಲಿ ಅಲ್ಲಿ ಹೋಗಿ ಇರಬಹುದು ಅಂತ ದಿನಾ ವಾದ. ನಮ್ಮೂರಿನ ಈ ಬಿಸಿಲಿಗೆ ನನಗೂ ಹೊರಟುಬಿಡೋಣ ಅನಿಸಿದೆ. ನಿಜಾನಾ?

ಉತ್ತರ: ಮಗ ಹೇಳುತ್ತಿರುವುದು ಪ್ರಾಕ್ಸಿಮಾ ಬಿ ಗ್ರಹದ ಬಗ್ಗೆ ಇರಬೇಕು. 2016ರಲ್ಲಿ ಸಿಕ್ಕಿದ್ದು, 4.24 ಜ್ಯೋತಿರ್ವರ್ಷ ದೂರ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಓಡುವ ದೂರ. ಆ "ನಾಲ್ಕೇ" ಅನ್ನುವುದರಲ್ಲೇ ಇರುವುದು ಮೋಸ. ಕಿಲೋಮೀಟರಿನಲ್ಲಿ ಹೇಳಿದರೆ ಸುಮಾರು 40 ಲಕ್ಷ ಕೋಟಿ.

1977ರಲ್ಲಿ ಹಾರಿಸಿದ ನಾಸಾದ ವಾಯೇಜರ್ 1 ನೌಕೆ ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನಾಲ್ಕು ಸೆಕೆಂಡೂ ಬೇಡ. ಪ್ರಾಕ್ಸಿಮಾಕ್ಕೆ? ಹತ್ತಿರ ಹತ್ತಿರ 75 ಸಾವಿರ ವರ್ಷ.

ಹೋದರೂ ಎಂಥ ಜಾಗ ಗೊತ್ತಾ? ಅದರ ಸೂರ್ಯ ಒಂದು ಪುಟ್ಟ ಕೆಂಪು ನಕ್ಷತ್ರ, ಆಗಾಗ ಸಿಡಿದು ವಿಕಿರಣ ಎರಚುತ್ತದೆ. ಗ್ರಹ ಅದಕ್ಕೆ ಎಷ್ಟು ಹತ್ತಿರ ಅಂದರೆ, ಅಲ್ಲಿ ಒಂದು ವರ್ಷ ಅಂದರೆ ನಮ್ಮ ಹನ್ನೊಂದು ದಿನ. ಅಲ್ಲಿ ಗಾಳಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಭೂಮಿಯಂಥ" ಅಂತ ಪೇಪರಿನಲ್ಲಿ ಬಂದರೆ, ತೂಕವೋ ಗಾತ್ರವೋ ಹತ್ತಿರ ಇದೆ ಅಂತ ಮಾತ್ರ ಓದಿಕೊಳ್ಳಿ.

ಪ್ರಶ್ನೆ (ಅದೇ ತಾಯಿ): ಮಗ ಪಕ್ಕದಲ್ಲೇ ಕೂತಿದ್ದಾನೆ. ರಾಕೆಟ್ ವೇಗ ಜಾಸ್ತಿ ಆಗುತ್ತೆ, ಸೂರ್ಯನನ್ನು ನೋಡಲು ನಾಸಾ ಕಳಿಸಿದ ಪಾರ್ಕರ್ ನೌಕೆ ಗಂಟೆಗೆ ಆರೂಮುಕ್ಕಾಲು ಲಕ್ಷ ಕಿ.ಮೀ. ದಾಟಿದೆಯಲ್ಲ ಅಂತಾನೆ.

ಉತ್ತರ: ಭೇಷ್, ಓದಿಕೊಂಡಿದ್ದಾನೆ. ಪಾರ್ಕರ್ 2024ರ ಡಿಸೆಂಬರಿನಲ್ಲಿ ಸುಮಾರು 6.9 ಲಕ್ಷ ಮುಟ್ಟಿತು. ಆದರೆ ಅದು ಸೂರ್ಯನ ಕಡೆಗೆ ಬೀಳುತ್ತಾ ಪಡೆದ ವೇಗ. ಕಲ್ಲು ಬಾವಿಗೆ ಬೀಳುವಾಗ ಜೋರಾಗಿ ಹೋಗುತ್ತದಲ್ಲ, ಹಾಗೆ. ಹೊರಗೆ ಹೋಗುವುದು ಬಾವಿಯಿಂದ ಮೇಲೆ ಹತ್ತಿದ ಹಾಗೆ. ಅದೇ ವೇಗದಲ್ಲಿ ಹೊರಗೆ ಹೊರಟರೂ ಆರೂವರೆ ಸಾವಿರ ವರ್ಷ ಬೇಕು.

ಪ್ರಶ್ನೆ (ಹಿರಿಯೂರಿನಿಂದ): ಅಷ್ಟು ದೂರ ಬಿಡಿ ಸಾರ್. ಮಂಗಳ ಇದೆಯಲ್ಲ. ನಮ್ಮ ಮಂಗಳಯಾನ ಹೋಗಿ ಬಂತು.

ಉತ್ತರ: ಹೋಯಿತು, ಬರಲಿಲ್ಲ! ಬರುವ ಪ್ಲಾನೂ ಇರಲಿಲ್ಲ. 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮಂಗಳದ ಕಕ್ಷೆ ಸೇರಿತು. ಮನುಷ್ಯ ಹೋಗುವುದು ಆಗದ ಮಾತಲ್ಲ. ಆರೇಳು ತಿಂಗಳ ದಾರಿ, ಹೊರಡಲು 26 ತಿಂಗಳಿಗೊಮ್ಮೆ ಒಳ್ಳೆಯ ಗಳಿಗೆ.

ನನ್ನ ಅನುಮಾನ ದಾರಿಯ ಮೇಲಲ್ಲ, ಮನೆಯ ಮೇಲೆ. ನಾಸಾದ ಪರ್ಸಿವರೆನ್ಸ್ ಬಂಡಿಯಲ್ಲಿ ಮಾಕ್ಸಿ ಅಂತ ಒಂದು ಪೆಟ್ಟಿಗೆ ಇದೆ. 2021ರಿಂದ 2023ರವರೆಗೆ 16 ಸಲ ಓಡಿಸಿ ಮಂಗಳದ ಗಾಳಿಯಿಂದ ಒಟ್ಟು 122 ಗ್ರಾಂ ಆಮ್ಲಜನಕ ತೆಗೆದರು. ದೊಡ್ಡ ಸಾಧನೆಯೇ. ಆದರೆ ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಷ್ಟೂ ಸೇರಿ ಮೂರೂವರೆ ಗಂಟೆ ಉಸಿರು.

ಹಿರಿಯೂರಿನವರು ತೋಟ ಮಾಡಿರುತ್ತೀರಿ, ನಿಮಗೆ ಈ ಕಥೆ ಹಿಡಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಅಂತ ಒಂದು ದೊಡ್ಡ ಗಾಜಿನ ಮನೆ ಕಟ್ಟಿದರು. 1991ರಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಒಳಗೇ ಬೆಳೆ, ಒಳಗೇ ಊಟ, ಎರಡು ವರ್ಷ. ಸ್ವಲ್ಪ ತಿಂಗಳಿಗೇ ಆಮ್ಲಜನಕ ಇಳಿಯತೊಡಗಿತು. ಶೇ. 20.9 ಇದ್ದದ್ದು 14.5ಕ್ಕೆ ಬಂತು. ಕಳ್ಳ ಯಾರು? ಗೊಬ್ಬರ! ಬೆಳೆ ಚೆನ್ನಾಗಿ ಬರಲಿ ಅಂತ ಸಾವಯವ ಅಂಶ ಜಾಸ್ತಿ ಇದ್ದ ಮಣ್ಣು ಹಾಕಿದ್ದರು. ಅದರ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನು ಗಿಡಗಳು ತಿರುಗಿ ಆಮ್ಲಜನಕ ಮಾಡಬೇಕಿತ್ತಲ್ಲ? ಅಷ್ಟರಲ್ಲಿ ಒಂದು ಪಾಲನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡಿತ್ತು. ಕೊನೆಗೆ ಹೊರಗಿನಿಂದ ಆಮ್ಲಜನಕ ಬಿಡಬೇಕಾಯಿತು. ಅಲ್ಲಿ "ಹೊರಗೆ" ಅಂದರೆ ಭೂಮಿ. ಮಂಗಳದಲ್ಲಿ ಹೊರಗೆ ಏನಿದೆ? ನಮ್ಮ ನೂರರಲ್ಲಿ ಒಂದು ಪಾಲೂ ಒತ್ತಡವಿಲ್ಲದ ಗಾಳಿ, ಅದರಲ್ಲೂ ಶೇ. 95 ಇಂಗಾಲದ ಡೈಆಕ್ಸೈಡ್. ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಉಪ್ಪು ಬೇರೆ.

ಪ್ರತಿಕ್ರಿಯೆ (ಚಿತ್ರದುರ್ಗದಿಂದ): ಮುತ್ತಿಗೆ ಹಾಕಿದ ಕೋಟೆ ಇದ್ದ ಹಾಗೆ ಅನ್ನಿ.

ಉತ್ತರ: ಸರಿಯಾಗಿ ಹೇಳಿದಿರಿ. ಆದರೆ ನಮ್ಮ ಏಳು ಸುತ್ತಿನ ಕೋಟೆಯ ಹೊಂಡಗಳಿಗೆ ಮೇಲಿನಿಂದ ಮಳೆಯಾದರೂ ಬರುತ್ತಿತ್ತು. ಅಲ್ಲಿ ಅದೂ ಇಲ್ಲ. ಬಳಸಿದ್ದನ್ನೇ ತೊಳೆದು ಬಳಸಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಸೇರಿಸಿ ಶೇ. 98 ನೀರು ವಾಪಸ್ ಪಡೆಯುವುದನ್ನು 2023ರಲ್ಲಿ ಸಾಧಿಸಿದರು. ಈ ವಿಚಾರದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಸುದ್ದಿ ಅದು, ರಾಕೆಟ್ ಸುದ್ದಿಗಿಂತ.

ಪ್ರಶ್ನೆ (ದಾವಣಗೆರೆಯಿಂದ, ಈ ಸಲ ಮಗನೇ): ಅಂಕಲ್, ಹಾಗಾದ್ರೆ ನಾನು ಏನು ಓದಬೇಕು? ರಾಕೆಟ್ ಬೇಡ್ವಾ?

ಉತ್ತರ: ರಾಕೆಟ್ ಬೇಕಪ್ಪ, ಯಾಕೆ ಬೇಡ. ಚಳ್ಳಕೆರೆ ಹತ್ತಿರದ ಉಳ್ಳಾರ್ತಿಯಲ್ಲಿ ಚಂದ್ರನ ಗುಂಡಿಗಳ ಹಾಗೆ ಗುಂಡಿ ತೋಡಿ ಚಂದ್ರಯಾನದ ಇಳಿಯುವ ಸೆನ್ಸರ್‌ಗಳನ್ನು ಪರೀಕ್ಷೆ ಮಾಡಿದ್ದರು. ಇಸ್ರೋದ ಮರುಬಳಕೆಯ ರೆಕ್ಕೆ ನೌಕೆ ಪುಷ್ಪಕ್ 2023ರಲ್ಲಿ ಮೊದಲು ತಾನೇ ಇಳಿದದ್ದೂ ಚಳ್ಳಕೆರೆ ರನ್‌ವೇ ಮೇಲೇ. ಆದರೆ ಮಣ್ಣು, ಸೂಕ್ಷ್ಮಜೀವಿ, ಬೆಳೆ ಓದಿದವರು ಈ ಕೆಲಸಕ್ಕೆ ಕಡಿಮೆ ಬರುತ್ತಾರೆ ಅಂತ ನನ್ನ ಅನಿಸಿಕೆ. ಸದ್ಯಕ್ಕೆ ಒಂದು ಮಾಡು. ಅಗಲ ಬಾಯಿಯ ಗಾಜಿನ ಬಾಟಲಿಗೆ ಮಣ್ಣು ಹಾಕಿ, ಒಂದು ಪುಟ್ಟ ಗಿಡ ನೆಟ್ಟು, ನೀರು ಚಿಮುಕಿಸಿ ಮುಚ್ಚಳ ಬಿಗಿ ಮಾಡು. ನೇರ ಬಿಸಿಲಿಗೆ ಇಡಬೇಡ, ಬೆಂದುಹೋಗುತ್ತದೆ. ಎಷ್ಟು ದಿನ ಬದುಕಿತು ಅಂತ ಇಲ್ಲೇ ಬಂದು ಹೇಳು. ಸತ್ತರೂ ಹೇಳು, ಯಾಕೆ ಸತ್ತಿತು ಅಂತ ಸೇರಿ ನೋಡೋಣ.