ಊರಲ್ಲಿ ಅಪ್ಪನಿಗೆ ಕಾರು ಗುದ್ದಿದರೆ ಇಲ್ಲಿಂದ ಏನು ಮಾಡಬಹುದು?

ಅಂಕೋಲಾ ಹತ್ತಿರ ಹೆದ್ದಾರಿ ದಾಟುವಾಗ ಅಪ್ಪನಿಗೆ ಕಾರು ಗುದ್ದಿದೆ, ನನಗೆ ರಜೆ ಸಿಗುವವರೆಗೆ ಪರಿಹಾರದ ಕೇಸು ಕಾಯುತ್ತದಾ ಅಂತ ನಮ್ಮ ಹಾಗೆ ವಿದೇಶದಲ್ಲಿರುವ ಒಬ್ಬರು ಕೇಳಿದ್ದಾರೆ. ನೀವು ನಿಧಾನಕ್ಕೆ ಹೋದರೂ ನಡೆಯುತ್ತದೆ. ಕಾಗದದ ಕೆಲಸ ಮಾತ್ರ ಇವತ್ತೇ ಶುರುವಾಗಬೇಕು.

ಮೊದಲು ಆಸ್ಪತ್ರೆ. ನಮ್ಮ ಕಡೆ ಪೆಟ್ಟು ಜೋರಾದರೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುವುದೇ. ಈ ಗಡಿಬಿಡಿಯಲ್ಲಿ ಜೊತೆಗೆ ಹೋದವರು ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಅಂತ ಬರೆಸಿಬಿಡುತ್ತಾರೆ. ಪೊಲೀಸ್ ರಗಳೆ ಬೇಡ ಅಂತ ಅಷ್ಟೇ. ಮುಂದೆ ವಿಮೆ ಕಂಪನಿ ವಕೀಲರು ಮೊದಲು ಓದಿ ಹೇಳುವುದೇ ಆ ಸಾಲನ್ನು. ರಸ್ತೆ ಅಪಘಾತ ಅಂತಲೇ ಹೇಳಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ) ಮಾಡಿಸಿ. ದೂರನ್ನೂ ತಡ ಮಾಡದೆ ಕೊಡಿ.

ಇನ್ನು ಸಾಕ್ಷಿ. ಕಾರಿನವರು ‘ಅವರೇ ಅಡ್ಡ ಬಂದರು’ ಅನ್ನುವುದು ಗ್ಯಾರಂಟಿ. ಪರಿಹಾರದ ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಕಿಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ನೋಡುತ್ತಾರೆ. ಹಾಗಾಗಿ ಎಫ್‌ಐಆರ್, ಪಂಚನಾಮೆ, ಸ್ಥಳದ ನಕ್ಷೆ ಜೊತೆಗೆ ಕಣ್ಣಾರೆ ಕಂಡ ಒಬ್ಬರಿದ್ದರೂ ದೊಡ್ಡ ಬಲ. ಆದರೆ ಎದುರಿನ ಗೂಡಂಗಡಿಯವರನ್ನು ಕೇಳಿದರೆ ‘ನಂಗೆಂತಕ್ಕೆ ಮಾರಾಯ್ರೆ ಆ ಸ್ಟೇಷನ್ ಉಸಾಬರಿ?’ ಅನ್ನುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಕಾನೂನು ಬದಲಾಗಿದ್ದು ಅವರಿಗೆ ಯಾರೂ ಹೇಳಿಲ್ಲ. 2016ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಂ, ಎರಡೂ ಗಾಯಾಳುವಿಗೆ ಸಹಾಯ ಮಾಡಿದವರ ಪರವಾಗಿವೆ. ಅವರು ಹೆಸರು ಹೇಳಲೇಬೇಕೆಂದಿಲ್ಲ. ತಾವಾಗಿ ಸಾಕ್ಷಿ ಹೇಳಲು ಒಪ್ಪಿದರೆ ಪೊಲೀಸರು ಅವರ ಮನೆಯಲ್ಲೋ ಅನುಕೂಲದ ಜಾಗದಲ್ಲೋ ಹೇಳಿಕೆ ಪಡೆಯಬಹುದು. ಇದನ್ನು ನೀವು ವಿದೇಶದಿಂದ ಫೋನ್ ಮಾಡಿ ಹೇಳಬೇಡಿ. ಅವರಿಗೆ ಪರಿಚಯವಿರುವ ಊರಿನವರೇ ಹೋಗಿ ಹೇಳಲಿ.

ಮತ್ತೆ, ‘ಭಾವನನ್ನೇ ಸಾಕ್ಷಿ ಹಾಕುವ, ಅವ ಅಲ್ಲಿ ಇರಲಿಲ್ಲ ಅಷ್ಟೇ’ ಅನ್ನುವ ಬುದ್ಧಿವಂತರು ಎಲ್ಲ ಮನೆಯಲ್ಲೂ ಇರುತ್ತಾರೆ. ಪಾಟೀಸವಾಲಿನಲ್ಲಿ ಭಾವ ಸಿಕ್ಕಿಬಿದ್ದರೆ ನಿಜವಾದ ಗಾಯಕ್ಕೂ ಬೆಲೆ ಇರುವುದಿಲ್ಲ.

ಮಳೆಗಾಲವಾದರೆ ಟಯರ್ ಗುರುತು ಸಂಜೆಯೊಳಗೆ ತೊಳೆದು ಹೋಗುತ್ತದೆ. ಫೋಟೋ ತಕ್ಷಣ ತೆಗೆಸಿ. ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ಬರುತ್ತಿರುತ್ತದೆ, ಆ ದೃಶ್ಯ ತೆಗೆದಿಡಿ ಅಂತ ಪೊಲೀಸರಿಗೆ ಲಿಖಿತವಾಗಿ ಕೊಡಿ.

ಇಲ್ಲಿ ಹೆಚ್ಚಿನವರು ಮಕ್ಕಳನ್ನು ರಜೆಗೆ ಊರಿಗೆ ಕಳಿಸುವವರು, ಅಲ್ವಾ? ಹಿಂದಿನ ಸೀಟಿನಲ್ಲಿದ್ದ ಮಗು ಅಪಘಾತ ನೋಡಿದ್ದರೆ ಬಂದ ನೆಂಟರೆಲ್ಲ ‘ಹೇಗಾಯ್ತು ಪುಟ್ಟಾ?’ ಅಂತ ಕೇಳುತ್ತಾರೆ. ನಾಲ್ಕನೇ ಸಲಕ್ಕೆ ಮಗು ತಾನು ಕಂಡದ್ದರ ಜೊತೆ ದೊಡ್ಡವರು ಆಡಿದ್ದನ್ನೂ ಸೇರಿಸಿ ಹೇಳುತ್ತದೆ. ಹೆದರಿದ ಮಗುವಿಗೂ ಅದು ಹಿಂಸೆ. ಒಮ್ಮೆ ಕೇಳಿ ಬರೆದಿಟ್ಟು ಬಿಟ್ಟುಬಿಡಿ. ಮಗುವಿಗೇ ಗಾಯವಾಗಿದ್ದರೆ ಅರ್ಜಿಯನ್ನು ಅಪ್ಪ ಅಥವಾ ಅಮ್ಮ ಅದರ ಪರವಾಗಿ ಹಾಕಬೇಕು. ಪರಿಹಾರದ ಹಣವನ್ನು ಸಾಮಾನ್ಯವಾಗಿ ಮಗು ದೊಡ್ಡದಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ವಾಪಸ್ ಬಂದ ಮೇಲೆ ಇಲ್ಲಿ ಮಾಡಿಸಿದ ಚಿಕಿತ್ಸೆಯ ಬಿಲ್ಲುಗಳನ್ನೂ ಜೋಪಾನವಾಗಿಡಿ.

ಗಡುವಿನ ವಿಷಯ. 2022ರ ಏಪ್ರಿಲ್ 1ರಿಂದ ಅದೇ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಅಪಘಾತವಾದ ಜಾಗದ ವ್ಯಾಪ್ತಿಯಲ್ಲೂ ಹಾಕಬಹುದು, ಅಪ್ಪ ವಾಸವಿರುವ ಕಡೆಯೂ ಹಾಕಬಹುದು. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಗಂಭೀರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಇದೆ.

ಕಾರಿನವರು ಸಂಜೆ ಮನೆಗೆ ಬಂದು ‘ಆಸ್ಪತ್ರೆ ಖರ್ಚು ಕೊಡ್ತೇವೆ, ಇಲ್ಲೇ ಮುಗಿಸುವ’ ಅಂದರೆ ಆಯಿಗೆ (ಅಮ್ಮನಿಗೆ) ಹೇಳಿಡಿ: ಚಹಾ ಕೊಟ್ಟು ಕಳಿಸಿ, ಸಹಿ ಮಾತ್ರ ಯಾವುದಕ್ಕೂ ಬೇಡ. ಅರ್ಜಿದಾರರು ಅಪ್ಪನೇ ಆದ್ದರಿಂದ ವಕೀಲರನ್ನು ನೇಮಿಸುವ ವಕಾಲತ್ತಿಗೆ ಅವರ ಸಹಿ ಸಾಕು, ನಿಮ್ಮ ಟಿಕೆಟ್ ಆಮೇಲೆ ನೋಡಿಕೊಳ್ಳಿ.