ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಅಮ್ಮನ ಜೊತೆ: 9 ದಿನ ಸಾಕಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗಬೇಕು ಅಂತ ಆಸೆ. ಅಮ್ಮನಿಗೆ 54, ದಿನಾ ವಾಕಿಂಗ್ ಮಾಡುತ್ತಾರೆ, ಬಿಪಿ ಶುಗರ್ ಏನೂ ಇಲ್ಲ. ಇಬ್ಬರೂ ಕುಮಾರ ಪರ್ವತ ಹತ್ತಿದ್ದೇವೆ. ನನಗೆ ರಜೆ ಕಮ್ಮಿ, ಅದಕ್ಕೆ ವಿಮಾನ ಇಳಿದು ನಡಿಗೆ ಶುರುಮಾಡುವ ಲುಕ್ಲಾದಿಂದ ಹೊರಟು ವಾಪಸ್ ಲುಕ್ಲಾ ಸೇರುವುದಕ್ಕೆ 9 ದಿನ ಇಟ್ಟುಕೊಂಡಿದ್ದೇವೆ. ಸಾಕಾಗುತ್ತಾ? ಹೋಗಿ ಬಂದವರು ಹೇಳಿ.

ಉತ್ತರ 1: ಸಾಕಾಗಲ್ಲ. ಬೇರೆ ಏನು ಬೇಕಾದರೂ ಕಡಿತ ಮಾಡಿ, ದಿನ ಮಾತ್ರ ಮಾಡಬೇಡಿ.

ಕುಮಾರ ಪರ್ವತ ಹತ್ತಿದ್ದೀರಿ ಅಂದರೆ ಕಾಲಿನ ಶಕ್ತಿ ಬಗ್ಗೆ ಚಿಂತೆ ಇಲ್ಲ. ಆದರೆ ಅದರ ಎತ್ತರ 1712 ಮೀಟರ್. ದಾರಿಯಲ್ಲಿ ಎರಡನೇ ದಿನ ಸಿಗುವ ನಾಮ್ಚೆ ಬಜಾರ್ ಊರು 3440, ಅಂದರೆ ಅದರ ಎರಡರಷ್ಟು, ಮತ್ತೆ ನಿಜವಾದ ಎತ್ತರ ಶುರುವಾಗುವುದೇ ಅಲ್ಲಿಂದ. ಬೇಸ್ ಕ್ಯಾಂಪ್ 5364 ಮೀಟರ್‌ನಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕರಾವಳಿಯಲ್ಲಿ ಸಿಗುವುದರ ಅರ್ಧದಷ್ಟು. ಇದಕ್ಕೆ ದೇಹ ಹೊಂದಿಕೊಳ್ಳುವುದಕ್ಕೆ ದಿನಗಳೇ ಬೇಕು, ಫಿಟ್‌ನೆಸ್‌ನಿಂದ ಅದನ್ನು ಬೇಗ ಮಾಡಿಸುವುದಕ್ಕೆ ಆಗಲ್ಲ. ಜಿಮ್‌ಗೆ ಹೋಗುವ ಗಟ್ಟಿಮುಟ್ಟು ಹುಡುಗರು ಬೇಗ ಬೇಗ ಹತ್ತಿ, ಸಂಜೆ ತಲೆ ಹಿಡಿದುಕೊಂಡು ಕೂರುವುದನ್ನು ಬೇಸ್ ಕ್ಯಾಂಪ್‌ಗೆ ಹತ್ತಿರದ ಲೊಬುಚೆಯಲ್ಲಿ ಎಷ್ಟೋ ನೋಡಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ಹೋಗುವ ಕ್ರಮ ಹೀಗಿರುತ್ತೆ: ಲುಕ್ಲಾದಿಂದ ಫಾಕ್ಡಿಂಗ್, ಮರುದಿನ ನಾಮ್ಚೆ, ಅಲ್ಲಿ ಒಂದು ದಿನ ಹೆಚ್ಚಿಗೆ ಉಳಿಯುವುದು, ಆಮೇಲೆ ತೆಂಗ್‌ಬೋಚೆ, ದಿಂಗ್‌ಬೋಚೆ, ಅಲ್ಲಿ ಇನ್ನೊಂದು ದಿನ, ನಂತರ ಲೊಬುಚೆ, ಗೋರಕ್ ಶೆಪ್, ಬೇಸ್ ಕ್ಯಾಂಪ್. ಇಳಿಯುವುದಕ್ಕೆ ಮೂರು ದಿನ. ಒಟ್ಟು 11 ಅಥವಾ 12. ಒಂಬತ್ತಕ್ಕೆ ಇಳಿಸಬೇಕು ಅಂದರೆ ಆ ಎರಡು ದಿನಗಳನ್ನೇ ಕಿತ್ತು ಹಾಕಬೇಕು. ಅಮ್ಮನ ಆರೋಗ್ಯ ಕಾಯುವುದೇ ಆ ಎರಡು ದಿನ! 3000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಎತ್ತರಕ್ಕಿಂತ ನಾಳೆ 500 ಮೀಟರ್‌ಗಿಂತ ಮೇಲೆ ಮಲಗಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಅನ್ನುವುದು ವೈದ್ಯರು ಹೇಳುವ ನಿಯಮ.

ಉಳಿಯುವ ದಿನ ಅಂದರೆ ರೂಮಲ್ಲಿ ಸುಮ್ನೆ ಮಲಗುವುದಲ್ಲ. ನಾಮ್ಚೆಯಿಂದ ಸ್ಯಾಂಗ್‌ಬೋಚೆ ಕಡೆ ಹತ್ತಿ, ಎವರೆಸ್ಟ್ ಕಾಣುವ ಜಾಗದಲ್ಲಿ ಚಹಾ ಕುಡಿದು, ಮಲಗುವುದಕ್ಕೆ ಮತ್ತೆ ಕೆಳಗೆ ಬನ್ನಿ.

ಉತ್ತರ 2: ಮೇಲೆ ಹೇಳಿದ್ದಕ್ಕೆ ವಿಮಾನದ ವಿಷಯ ಸೇರಿಸುತ್ತೇನೆ. ಲುಕ್ಲಾ ರನ್‌ವೇ 527 ಮೀಟರ್ ಮಾತ್ರ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ. ಮೋಡ ಬಂತು ಅಂದರೆ ಹಾರಾಟ ಇಲ್ಲ, ಕೆಲವು ಸಲ ಸತತ ಎರಡು ಮೂರು ದಿನ ಇಲ್ಲ. ಅಕ್ಟೋಬರ್ ಜನ ಜಾಸ್ತಿ ಇರುವ ತಿಂಗಳು, ಆಗ ಬಹಳ ವಿಮಾನಗಳು ಕಠ್ಮಂಡುವಿನಿಂದ ಹೊರಡದೆ ರಾಮೆಛಾಪ್‌ನಿಂದ ಹೊರಡುತ್ತವೆ. ಅಲ್ಲಿಗೆ ಕಠ್ಮಂಡುವಿನಿಂದ ನಾಲ್ಕೈದು ಗಂಟೆ ರಸ್ತೆ ಪ್ರಯಾಣ, ಮಧ್ಯರಾತ್ರಿ ಕಳೆದು ಹೊರಡಬೇಕು. ನಿದ್ದೆಗೆಟ್ಟು ಬಂದ ಆ ದಿನವೇ ಫಾಕ್ಡಿಂಗ್‌ವರೆಗೆ ನಡೆಯಬೇಕು, ಅಮ್ಮನಿಗೆ ಮೊದಲೇ ಹೇಳಿಡಿ. ಬೆಂಗಳೂರಿಗೆ ವಾಪಸ್ ಟಿಕೆಟ್ ಮಾಡುವಾಗ ಕಠ್ಮಂಡುವಿನಲ್ಲಿ ಕನಿಷ್ಠ ಎರಡು ದಿನ ಖಾಲಿ ಬಿಡಿ.

ಆಧಾರ್ ನಂಬಿಕೊಂಡು ಹೋಗಬೇಡಿ. ನಮಗೆ ನೇಪಾಳಕ್ಕೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವುದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕೇ ಬೇಕು. ನೇಪಾಳಿ ನೋಟು ಕಠ್ಮಂಡುವಿನಲ್ಲೇ ಜಾಸ್ತಿ ತೆಗೆದಿಟ್ಟುಕೊಳ್ಳಿ, ನಮ್ಮ 100ಕ್ಕೆ ಅವರ 160. ನಾಮ್ಚೆ ದಾಟಿದ ಮೇಲೆ ಎಟಿಎಂ ನೆಚ್ಚಿಕೊಳ್ಳುವ ಹಾಗಿಲ್ಲ, ಮೇಲೆ ಹೋದಷ್ಟೂ ಬಿಸಿನೀರು, ಚಾರ್ಜಿಂಗ್, ವೈಫೈ ಎಲ್ಲಕ್ಕೂ ದುಡ್ಡು.

ಉತ್ತರ 3: ನಾನು ಹೋದಾಗ ನನಗೆ ನಿಮ್ಮ ಅಮ್ಮನಿಗಿಂತ ವಯಸ್ಸು ಜಾಸ್ತಿ. ಅವರು ಖಂಡಿತ ಹೋಗಬಹುದು. ಆದರೆ ಅವರ ವೇಗಕ್ಕೆ ನೀವು ನಡೆಯಬೇಕು, ನಿಮ್ಮ ವೇಗಕ್ಕೆ ಅವರಲ್ಲ. ನಡೆಯುತ್ತಾ ಮಾತಾಡುವುದಕ್ಕೆ ಆಗಬೇಕು, ಏದುಸಿರು ಬಂದರೆ ಅದು ಜಾಸ್ತಿ ವೇಗ ಅಂತಲೇ ಲೆಕ್ಕ.

ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ಹೆಂಗಸರು ತೊಂದರೆ ಆದರೆ ಬಾಯಿ ಬಿಡಲ್ಲ. ಮಗಳೋ ಮಗನೋ ಇಷ್ಟು ಖರ್ಚು ಮಾಡಿ ಕರೆದುಕೊಂಡು ಬಂದಿದ್ದಾರೆ, ನನ್ನಿಂದ ಹಾಳಾಗಬಾರದು ಅಂತ ತಲೆನೋವು ನುಂಗಿಕೊಂಡು ನಡೆಯುತ್ತಾರೆ. ನನ್ನ ಜೊತೆ ಬಂದ ಒಬ್ಬರು ಹೀಗೇ ವಾಂತಿ ಆಗುವವರೆಗೂ ಹೇಳಲಿಲ್ಲ, ಆಮೇಲೆ ಗೈಡ್ ಅವರನ್ನು ಲೊಬುಚೆಯಿಂದ ಫೆರಿಚೆಗೆ ಇಳಿಸಿದರು, ಇಳಿದ ಮೇಲೆ ಚೇತರಿಸಿಕೊಂಡರು. ಅದಕ್ಕೆ ಊರಲ್ಲೇ ಕೂತು ಮಾತಾಡಿಕೊಳ್ಳಿ: ಇಬ್ಬರಲ್ಲಿ ಯಾರು ಇಳಿಯೋಣ ಅಂದರೂ ಇಳಿಯುವುದು, ಬೇಜಾರು ಇಲ್ಲ. ದಿನಾ ಸಂಜೆ ಕೇಳಿ, ತಲೆ ನೋಯುತ್ತಾ, ಊಟ ಸೇರಿತಾ, ರಾತ್ರಿ ನಿದ್ದೆ ಬಂತಾ. ತಲೆನೋವು ಹೋಗದೆ ಮುಂದಕ್ಕೆ ಹತ್ತಬೇಡಿ. ನೆಟ್ಟಗೆ ಗೆರೆ ಮೇಲೆ ನಡೆಯುವುದಕ್ಕೆ ಆಗದಿದ್ದರೆ, ಸುಮ್ಮನೆ ಕೂತಾಗಲೂ ಮೇಲುಸಿರು ಬಂದರೆ, ಮಾತು ತಡವರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಯಾರನ್ನಾದರೂ ಜೊತೆ ಮಾಡಿಕೊಂಡು ಇಳಿಯಿರಿ. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಕ್ಲಿನಿಕ್ ಇದೆ, ಸೀಸನ್‌ನಲ್ಲಿ ಡಾಕ್ಟರ್ ಇರುತ್ತಾರೆ.

ಎತ್ತರದಿಂದ ಬರುವ ಕಾಯಿಲೆ ತಡೆಯುವುದಕ್ಕೆ ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ. ಅದನ್ನು ತೆಗೆದುಕೊಂಡರೆ ಬೆರಳು ಜುಮ್ಮೆನ್ನುತ್ತೆ, ಮೂತ್ರಕ್ಕೆ ಜಾಸ್ತಿ ಹೋಗಬೇಕಾಗುತ್ತೆ, ಹೆದರಬೇಡಿ. ಮಾತ್ರೆ ಇದೆ ಅಂತ ದಿನ ಉಳಿಸುವುದು ಮಾತ್ರ ಬೇಡ.

ಊಟಕ್ಕೆ ದಾಲ್ ಭಾತ್ ಇದೆ, ಅನ್ನ ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ, ನಮ್ಮವರಿಗೆ ಒಗ್ಗುತ್ತೆ. ಚಟ್ನಿಪುಡಿ ತೆಗೆದುಕೊಂಡು ಹೋಗಿ, ಮೇಲೆ ನಾಲಿಗೆಗೆ ಏನೂ ರುಚಿಸದ ದಿನ ಅದೇ ಅನ್ನ ಒಳಗೆ ಇಳಿಸುತ್ತೆ. ನಾಮ್ಚೆಯಿಂದ ಮೇಲೆ ಮಾಂಸ ಬೇಡ, ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದಿರುತ್ತಾರೆ. ಒಣ ಗಾಳಿಗೆ ಕೆಮ್ಮು ಹಿಡಿಯುತ್ತೆ, ಮೂಗು ಬಾಯಿ ಮುಚ್ಚುವ ಬಟ್ಟೆ ಇರಲಿ. ಯಾಕ್ ಬಂದಾಗ ಬೆಟ್ಟದ ಕಡೆ ನಿಲ್ಲಿ, ಕಣಿವೆ ಕಡೆ ಅಲ್ಲ.

ಪೋರ್ಟರ್ ಇಟ್ಟುಕೊಳ್ಳಿ, ಅಮ್ಮನ ಬೆನ್ನಿಗೆ ನೀರು ಮತ್ತು ಜಾಕೆಟ್ ಸಾಕು. ಆ ಹುಡುಗನಿಗೆ ವಿಮೆ ಇದೆಯಾ, ಬೆಚ್ಚಗಿನ ಬಟ್ಟೆ, ಸರಿಯಾದ ಶೂ ಇದೆಯಾ ಅಂತ ಏಜೆನ್ಸಿಯವರನ್ನು ಕೇಳಿ. ನಮ್ಮ ಹೊರೆ ಹೊರುವವರು ಅವರು, ಕೇಳುವುದು ನಮ್ಮ ಕೆಲಸ ಅಲ್ವಾ?

ಉತ್ತರ 4: ವಿಮೆ ನಿಮ್ಮಿಬ್ಬರಿಗೂ ಬೇಕು. ಪಾಲಿಸಿಯಲ್ಲಿ 6000 ಮೀಟರ್‌ವರೆಗೆ ಟ್ರೆಕ್ಕಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಅಂತ ಬರೆದಿದೆಯಾ ಓದಿ ನೋಡಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಬಹಳ ಸಲ ಎತ್ತರಕ್ಕೆ ಮಿತಿ ಇರುತ್ತೆ. ಇನ್ನೊಂದು, ಬೇಸ್ ಕ್ಯಾಂಪ್‌ನಲ್ಲಿ ನಿಂತರೆ ಎವರೆಸ್ಟ್ ಶಿಖರ ಕಾಣಲ್ಲ, ಪಕ್ಕದ ನುಪ್ಟ್ಸೆ ಪರ್ವತ ಮತ್ತು ಎವರೆಸ್ಟ್‌ನದೇ ಪಶ್ಚಿಮದ ಏಣು ಅಡ್ಡ ಬರುತ್ತವೆ. ಶಿಖರ ನೋಡಬೇಕು ಅಂದರೆ ಗೋರಕ್ ಶೆಪ್ ಪಕ್ಕದ ಕಾಲಾ ಪತ್ಥರ್ ಗುಡ್ಡ ಹತ್ತಬೇಕು, ಅದು 5500 ಮೀಟರ್ ದಾಟುತ್ತೆ. ಅಮ್ಮನಿಗೆ ಅಷ್ಟು ಹೊತ್ತಿಗೆ ಸುಸ್ತಾಗಿದ್ದರೆ ಎರಡರಲ್ಲಿ ಒಂದು ಆರಿಸಿಕೊಳ್ಳಿ. ನಾನಾದರೆ ಕಾಲಾ ಪತ್ಥರ್ ಅಂತೀನಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ದೀಪಾವಳಿ ರಜೆ ಸೇರಿಸಿಕೊಂಡು ನವೆಂಬರ್‌ಗೆ ಹಾಕಿದರೆ 12 ದಿನ, ಮೇಲೆ ಎರಡು ದಿನ ಸಿಗುತ್ತೆ. ಚಳಿ ತುಂಬಾ ಜಾಸ್ತಿಯಾ?

ಉತ್ತರ 3: ಜಾಸ್ತಿನೇ, ಗೋರಕ್ ಶೆಪ್‌ನಲ್ಲಿ ರಾತ್ರಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತೆ, ಆದರೆ ಆಕಾಶ ಸ್ವಚ್ಛ, ದಾರಿಯಲ್ಲಿ ಜನವೂ ಕಮ್ಮಿ. ಒಳ್ಳೆ ಸ್ಲೀಪಿಂಗ್ ಬ್ಯಾಗ್ ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತೆ. ಫೋನು, ಬ್ಯಾಟರಿ ರಾತ್ರಿ ಅದರೊಳಗೇ ಇಟ್ಟುಕೊಳ್ಳಿ.